ನೋವನ್ನು ಇಂಗ್ಲಿಷಿನಲ್ಲಿ ಹೇಳಬೇಡಿ

ಹೋದ ತಿಂಗಳು ಇದೇ ಅಂಕಣದಲ್ಲಿ ಕೊರಿಯಾದ ಸೂಜಿ ವೈದ್ಯದ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ರಾಶಿ ಪ್ರಶ್ನೆ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ ಮಾತು. ಹೊಸ ಓದುಗರಿಗೆ ನನ್ನ ಪರಿಚಯ: ಊರು ತಿಪಟೂರು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಬಂದು 14 ವರ್ಷ. ಅದರಲ್ಲಿ 8 ವರ್ಷದಿಂದ ಕೊರಿಯನ್ ವೈದ್ಯದ ಒಂದು ಆಸ್ಪತ್ರೆಯಲ್ಲಿ ಹೊರದೇಶದ ರೋಗಿಗಳಿಗೆ ದುಭಾಷಿ. ಡಾಕ್ಟರ್ ಕುರ್ಚಿಗೂ ರೋಗಿಯ ಕುರ್ಚಿಗೂ ನಡುವೆ ಒಂದು ಸ್ಟೂಲ್ ಇರುತ್ತದೆ, ಅದು ನನ್ನ ಜಾಗ. ನಾನು ಡಾಕ್ಟರ್ ಅಲ್ಲ. ಯಾರಿಗೂ ಔಷಧಿ ಹೇಳುವುದಿಲ್ಲ.

ಪ್ರಶ್ನೆ: ನನಗೆ 34. ಸಾಫ್ಟ್‌ವೇರ್ ಕೆಲಸ. ಆರು ತಿಂಗಳಿಂದ ಸೊಂಟನೋವು. ಮೂಳೆ ಡಾಕ್ಟರ್ ಎಕ್ಸ್‌ರೇ ನೋಡಿ ಏನೂ ಇಲ್ಲ ಅಂದರು. ಆಫೀಸಿನವರೆಲ್ಲ ‘ಹನಿವೊನ್‌ಗೆ ಹೋಗು’ ಅನ್ನುತ್ತಾರೆ. ಅಲ್ಲಿ ಏನು ಮಾಡುತ್ತಾರೆ ಅಕ್ಕಾ? ಸೂಜಿ ಕಂಡರೇ ನನಗೆ ಬೆವರು. ಇನ್ಶೂರೆನ್ಸ್ ಸಿಗುತ್ತಾ?
– ಸೂಜಿಗೆ ಹೆದರುವವ, ಸುವಾನ್

ನಿಮ್ಮ ಬೆವರು ನನಗೆ ಗೊತ್ತು. ಮೊದಲ ಸಲ ಮಲಗಿದಾಗ ನಾನೂ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ.

ಹನಿವೊನ್ ಅಂದರೆ ಕೊರಿಯನ್ ವೈದ್ಯದ ಕ್ಲಿನಿಕ್. ಅಲ್ಲಿನ ಡಾಕ್ಟರಿಗೆ ‘ಹನಿಸಾ’ ಅನ್ನುತ್ತಾರೆ. (‘ಹಾನಿ’ ಅಂತ ಓದಬೇಡಿ, ಪಾಪ.) ಒಳಗೆ ಹೋಗಿ ಕೂತರೆ ಸೊಂಟದ ಮಾತು ಬೇಗ ಬರುವುದೇ ಇಲ್ಲ. ನಿದ್ದೆ ಹೇಗೆ, ಊಟ ಸೇರುತ್ತಾ, ದಿನಾ ಹೊಟ್ಟೆ ಸರಿಯಾಗಿ ಹೋಗುತ್ತಾ, ತಣ್ಣೀರು ಇಷ್ಟವೋ ಬಿಸಿನೀರೋ, ಅಂಗೈ ಅಂಗಾಲು ತಣ್ಣಗಿರುತ್ತವಾ – ಇವೆಲ್ಲ ಮೊದಲು. ನಾಲಿಗೆ ಚಾಚಿಸುತ್ತಾರೆ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ. ಅಮೆರಿಕದವರು ರಷ್ಯಾದವರು ಈ ಹೊತ್ತಿಗೆ ನನ್ನ ಮುಖ ನೋಡಲು ಶುರು ಮಾಡುತ್ತಾರೆ, ಸೊಂಟಕ್ಕೂ ತಣ್ಣೀರಿಗೂ ಏನು ಸಂಬಂಧ ಅಂತ. ನಮ್ಮವರು ಕೇಳುವುದಿಲ್ಲ. ಅಜ್ಜಿ ಕೈಯಲ್ಲಿ ಬೆಳೆದವರಲ್ವಾ.

ಆದರೆ ನಮ್ಮವರು ತಪ್ಪುವುದು ಬೇರೆ ಕಡೆ. ‘ಎಲ್ಲಿ ನೋವು, ಹೇಗಿದೆ’ ಅಂತ ಕೇಳಿದ ಕೂಡಲೇ ಇಂಗ್ಲಿಷಿಗೆ ಹಾರುತ್ತಾರೆ. ‘ಬ್ಯಾಕ್ ಪೇನ್.’ ಹೇಗೆ? ‘ಸಿವಿಯರ್ ಪೇನ್.’ ಅಲ್ಲಿಗೆ ಮುಗಿಯಿತು. ನಾನು ಕನ್ನಡದಲ್ಲಿ ಹೇಳಿ ಅಂದರೆ ಅದೇ ಮನುಷ್ಯ, ‘ಬೆಳಗ್ಗೆ ಎದ್ದಾಗ ಹಿಡ್ಕೊಂಡಿರುತ್ತೆ ಮೇಡಂ, ಬಗ್ಗಿದರೆ ಸೆಳೆಯುತ್ತೆ, ಆಮೇಲೆ ತೊಡೆ ತನಕ ಜುಮ್ ಅನ್ನುತ್ತೆ’ ಅನ್ನುತ್ತಾನೆ. ನೋಡಿ, ಒಂದು ನೋವು ಮೂರಾಯಿತು! ಕೊರಿಯನ್ನರ ಹತ್ತಿರವೂ ಈ ಮೂರಕ್ಕೂ ಮೂರು ಮಾತಿವೆ. ಹಿಡ್ಕೊಂಡಿರುವುದು ‘ಪ್ಪೊಗುನ್’, ಸೆಳೆಯುವುದು ‘ತಂಗಿದಾ’, ಜುಮ್ ಅನ್ನುವುದು ‘ಚ್ಜಿರಿತ್ ಚ್ಜಿರಿತ್’. ನಾವು ತಿವಿತಿವಿ, ಚುರುಚುರು ಅಂತ ಜೋಡಿ ಮಾಡಿ ಹೇಳುವ ಹಾಗೇ ಅವರೂ ಜೋಡಿ ಮಾಡುತ್ತಾರೆ. ಡಾಕ್ಟರಿಗೆ ಬೇಕಾಗಿರುವುದು ಈ ಮಾತುಗಳೇ. ಎಲ್ಲಿ ಸೂಜಿ ಹಾಕಬೇಕು ಅನ್ನುವುದು ಅದರ ಮೇಲೆ ಹೋಗುತ್ತದೆ. ಕನ್ನಡದಿಂದ ಕೊರಿಯನ್‌ಗೆ ನೇರ ದಾರಿ ಇರುವಾಗ ನಡುವೆ ಇಂಗ್ಲಿಷಿನ ಟೋಲ್‌ಗೇಟ್ ಯಾಕೆ? ಜೊತೆಗೆ ದುಭಾಷಿ ಇರದಿದ್ದರೆ ಈ ಮೂರು ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇನ್ನು ಸೂಜಿ. ಅದು ಇಂಜೆಕ್ಷನ್ ಸೂಜಿಯಲ್ಲ. ಸುಮಾರು ಕಾಲು ಮಿಲಿಮೀಟರ್ ದಪ್ಪ, ಅಷ್ಟೇ. ಒಂದೇ ಸಲ ಬಳಸಿ ಬಿಸಾಡುವಂಥದ್ದು, ಪ್ಯಾಕೆಟ್ ನಿಮ್ಮ ಮುಂದೆಯೇ ಹರಿಯುತ್ತಾರೆ. ಪರದೆ ಎಳೆದ ಮಂಚ, ಕೆಳಗೆ ಬೆಚ್ಚಗಿನ ಹಾಸು, ಮೇಲೆ ಕೆಂಪು ಬೆಳಕಿನ ದೀಪ. ಡಾಕ್ಟರ್ ಚಿಕ್ಕ ಪ್ಲಾಸ್ಟಿಕ್ ಕೊಳವೆ ಇಟ್ಟು ಬೆರಳ ತುದಿಯಿಂದ ಟಕ್ ಅಂತ ತಟ್ಟುತ್ತಾರೆ. ಇರುವೆ ಕಡಿದಷ್ಟು. ಆಮೇಲೆ ಒಳಗೆ ಭಾರವಾದ, ಮಂದವಾದ ಒಂದು ಸೆಳೆತ ಬರುತ್ತದೆ. 15 ನಿಮಿಷಕ್ಕೆ ಟೈಮರ್ ಕೂಗುತ್ತದೆ, ನರ್ಸ್ ಬಂದು ಎಣಿಸಿಕೊಂಡು ತೆಗೆಯುತ್ತಾರೆ. ಪಕ್ಕದ ಪರದೆಯ ಹಿಂದೆ ಯಾವುದೋ ಅಜ್ಜಿ ‘ಆ... ಶಿವೊನ್‌ಹದಾ’ ಅನ್ನುವುದು ಖಂಡಿತ ಕೇಳಿಸುತ್ತದೆ. ಆ ಮಾತಿನ ನೇರ ಅರ್ಥ ‘ತಂಪಾಯಿತು’. ಕುದಿಯುವ ಸಾರು ಕುಡಿದರೂ ಅದೇ, ಬೆನ್ನು ಗುದ್ದಿಸಿಕೊಂಡರೂ ಅದೇ. ನಮ್ಮಲ್ಲಿ ‘ಹಾಯ್ ಅನ್ನಿಸಿತು’ ಅಂತೀವಲ್ಲ, ಹಾಗೆ.

‘ಜೇನುಹುಳದ ವಿಷದ ಇಂಜೆಕ್ಷನ್ ಕೊಡಲಾ’ ಅಂತ ಕೇಳಿದರೆ ಮೊದಲು ಅಲರ್ಜಿ ಪರೀಕ್ಷೆ ಮಾಡಿ ಅನ್ನಿ. ಜೇನು ಕಚ್ಚಿ ಮೈಯೆಲ್ಲ ಊದಿದ ಅನುಭವ ಇದ್ದರೆ ಬೇಡವೇ ಬೇಡ. ಮತ್ತೆ, ಕಾಲು ಮರಗಟ್ಟಿ ಎಳೆಯುವಂತಾದರೆ, ಮೂತ್ರದ ಹಿಡಿತ ತಪ್ಪಿದರೆ ಹನಿವೊನ್ ಬಾಗಿಲಿಗೂ ಹೋಗಬೇಡಿ. ಸೀದಾ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಇನ್ಶೂರೆನ್ಸ್ ಇದೆ. 2019ರ ಜುಲೈನಿಂದ ಇಲ್ಲಿ ಆರು ತಿಂಗಳು ಮೀರಿ ಇರುವ ಹೊರದೇಶದವರೆಲ್ಲ ಸರ್ಕಾರದ ಆರೋಗ್ಯ ವಿಮೆಗೆ ಸೇರಲೇಬೇಕು. ನಿಮ್ಮ ಸಂಬಳದಲ್ಲಿ ಅದಕ್ಕೆ ಪ್ರತಿ ತಿಂಗಳು ಹಿಡಿಯುತ್ತಾರೆ, ಸ್ಲಿಪ್ ನೋಡಿಕೊಳ್ಳಿ. ಸೂಜಿ, ಮೈಮೇಲೆ ಕಪ್ ಅಂಟಿಸಿ ಚರ್ಮ ಸೆಳೆಯುವುದು, ಸೊಪ್ಪಿನ ಬತ್ತಿ ಸುಟ್ಟು ಶಾಖ ಕೊಡುವುದು – ಇವೆಲ್ಲ 1987ರಿಂದ ವಿಮೆಯಲ್ಲಿವೆ. ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ಬಿಲ್ಲಿನ ನೂರಕ್ಕೆ 30 ಭಾಗ ನಿಮ್ಮದು. ಕೈಯಿಂದ ಮೂಳೆ ಸರಿಮಾಡುವ ‘ಚುನಾ’ 2019ರ ಏಪ್ರಿಲ್‌ನಲ್ಲಿ ಸೇರಿತು, ವರ್ಷಕ್ಕೆ 20 ಸಲದ ಮಿತಿ ಇದೆ. ಕಷಾಯದ ದುಡ್ಡು ಮಾತ್ರ ಹೆಚ್ಚಾಗಿ ನಿಮ್ಮ ಕೈಯಿಂದಲೇ. ಅದಕ್ಕೆ ‘ಹೂಂ’ ಅನ್ನುವ ಮುಂಚೆ ಬೆಲೆ ಕೇಳಿ. ಒಂದು ಕೋರ್ಸಿಗೆ ಎರಡು ಮೂರು ಲಕ್ಷ ವಾನ್ ಆಗುವುದು ಸಾಮಾನ್ಯ.

ಪ್ರಶ್ನೆ: ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಮಂಡಿನೋವು. ಹನಿಸಾ ಕಷಾಯ ಬರೆದುಕೊಡುತ್ತೇನೆ ಅಂದರು. ಅಮ್ಮ ಶುದ್ಧ ಸಸ್ಯಾಹಾರಿ, ಬಿಪಿ ಮಾತ್ರೆ ತಗೋತಾರೆ. ಕುಡಿಸಬಹುದಾ?
– ಮಗಳು, ಸೋಲ್

ಕುಡಿಸಬೇಕೋ ಬೇಡವೋ ಹೇಳುವವಳು ನಾನಲ್ಲ. ಆದರೆ ಏನು ಕೇಳಬೇಕು ಅಂತ ಹೇಳಬಲ್ಲೆ.

ಒಂದನೇ ಲೈನಿನ ಮೆಟ್ರೋದಲ್ಲಿ ಜೆಗಿದೊಂಗ್ ಅಂತ ಸ್ಟೇಷನ್ ಇದೆ. ಇಳಿದು ಮೇಲೆ ಬಂದರೆ ಸೋಲ್‌ನ ದೊಡ್ಡ ಗಿಡಮೂಲಿಕೆ ಪೇಟೆ. ನನಗೆ ಊರು ನೆನಪಾದಾಗ ಹೋಗುವ ಜಾಗ ಅದು. ಯಾಕೆಂದರೆ ಇಡೀ ಬೀದಿ ನಮ್ಮ ಗ್ರಂಧಿಗೆ ಅಂಗಡಿಯ ವಾಸನೆ. ಗೋಣಿಚೀಲದಲ್ಲಿ ಒಣಶುಂಠಿ, ಚಕ್ಕೆ, ಜ್ಯೇಷ್ಠಮಧು. ಅಮ್ಮನನ್ನು ಒಂದು ಸಲ ಕರೆದುಕೊಂಡು ಹೋಗಿ, ಅರ್ಧ ಸಾಮಾನು ಅವರೇ ಗುರುತು ಹಿಡಿಯುತ್ತಾರೆ. ಆದರೆ ಎರಡು ಅಂಗಡಿ ದಾಟಿದರೆ ಗಾಜಿನ ಪೆಟ್ಟಿಗೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ ಜಿಂಕೆಯ ಎಳೆ ಕೊಂಬು. ‘ನೊಗ್ಯೊಂಗ್’ ಅದರ ಹೆಸರು. ಶಕ್ತಿಗೆ ಅಂತ ಕೊಡುವ ಕಷಾಯಕ್ಕೆ ಬಹಳ ಸಲ ಅದು ಬೀಳುತ್ತದೆ. ಒಣಗಿಸಿದ ಜರಿಹುಳ, ಜೀರುಂಡೆಯ ಪೊರೆ, ಕತ್ತೆ ಚರ್ಮದ ಅಂಟು – ಇವೂ ಇವರ ಔಷಧಿಗಳೇ. ಮುಚ್ಚಿಟ್ಟು ಯಾರೂ ಹಾಕುವುದಿಲ್ಲ. ಇಲ್ಲಿಯವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸುವುದಿಲ್ಲ, ಅಷ್ಟೇ. ‘ಮಾಂಸ ತಿನ್ನಲ್ಲ’ ಅಂದರೆ ಸಾಲದು. ಕೊಂಬು ಮಾಂಸವಲ್ಲವಲ್ಲ! ‘ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ’ ಅಂತ ಪೂರ್ತಿ ಬಿಡಿಸಿ ಹೇಳಿ. ಜೇನುತುಪ್ಪ ಆಗುತ್ತದಾದರೆ ಅದನ್ನೂ ಹೇಳಿ. ಅವರು ಬೇರೆ ಸಾಮಾನು ಹಾಕಿ ಬರೆದುಕೊಡುತ್ತಾರೆ. ಜೈನ ಕುಟುಂಬವೊಂದಕ್ಕೆ ನಮ್ಮ ಡಾಕ್ಟರ್ ಪೂರ್ತಿ ಗಿಡದ್ದೇ ಕಷಾಯ ಬರೆದರು. ಆಮೇಲೆ ನೆಲದ ಕೆಳಗೆ ಬೆಳೆಯುವ ಬೇರೂ ಬೇಡ ಅಂದಾಗ ಪೆನ್ನು ಕೆಳಗಿಟ್ಟರು. ಜಿನ್‌ಸೆಂಗ್ ಇಲ್ಲ, ಶುಂಠಿ ಇಲ್ಲ, ಇನ್ನೇನು ಬರೆಯೋದು ಪಾಪ.

ಬಿಪಿಯ ಮಾತು ಇದಕ್ಕಿಂತ ದೊಡ್ಡದು. ಕೊರಿಯನ್‌ನಲ್ಲಿ ‘ಔಷಧಿ ಅಂಗಡಿಯ ಜ್ಯೇಷ್ಠಮಧು’ ಅಂತ ಗಾದೆಯಿದೆ. ಎಲ್ಲ ಮದುವೆಯಲ್ಲೂ ಕಾಣಿಸುವ ಮನುಷ್ಯನಿಗೆ ಹೇಳುವಂಥದ್ದು. ಅಂದರೆ ಅದು ಹೆಚ್ಚುಕಡಿಮೆ ಎಲ್ಲ ಕಷಾಯದಲ್ಲೂ ಇರುತ್ತದೆ ಅಂತ. ಜ್ಯೇಷ್ಠಮಧು ಜಾಸ್ತಿ ದಿನ ತಗೊಂಡರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಿಗೆ ಜಿನ್‌ಸೆಂಗ್ ಕೂಡ ತೊಂದರೆ. ಅಮ್ಮನ ಮಾತ್ರೆಗಳ ಪಟ್ಟಿಯನ್ನಲ್ಲ, ಮಾತ್ರೆ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಮೈಸೂರಿನ ಡಾಕ್ಟರಿಗೂ ಒಂದು ಫೋನ್ ಮಾಡಿ. ಹನಿಸಾ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಮ್ಮವರು ಇಂಗ್ಲಿಷ್ ಔಷಧಿ ಮುಚ್ಚಿಡುತ್ತಾರೆ. ಇಂಗ್ಲಿಷ್ ಡಾಕ್ಟರ ಹತ್ತಿರ ಹೋಗಿ ಕಷಾಯ ಮುಚ್ಚಿಡುತ್ತಾರೆ. ನನಗೆ ಸಿಟ್ಟು ಬರುವುದು ಇದೊಂದಕ್ಕೇ.

ಅಂದ ಹಾಗೆ, ಕಷಾಯ ಈಗ ಮಡಕೆಯಲ್ಲಿ ಕುದಿಸಬೇಕಿಲ್ಲ. ಮೆಷಿನ್ನಿನಲ್ಲಿ ಬೇಯಿಸಿ, ನಂದಿನಿ ಹಾಲಿನ ಪ್ಯಾಕೆಟ್ಟಿನ ಮರಿಯಂಥ ಸಣ್ಣ ಪ್ಯಾಕೆಟ್‌ಗಳಲ್ಲಿ ಸೀಲ್ ಮಾಡಿ ಡಬ್ಬಿಗಟ್ಟಲೆ ಮನೆಗೆ ಕಳಿಸುತ್ತಾರೆ. ಬಿಸಿನೀರಲ್ಲಿ ಮುಳುಗಿಸಿಟ್ಟು ಕುಡಿದರಾಯಿತು. ಕಹಿ ಮಾತ್ರ ಹಳೆಯ ಕಾಲದ್ದೇ.

ಪ್ರಶ್ನೆ: ನಾನು ಬಿಎಎಂಎಸ್ ಕೊನೆಯ ವರ್ಷ. ಆಯುರ್ವೇದ ಡಿಗ್ರಿ ಇಟ್ಟುಕೊಂಡು ಕೊರಿಯಾದಲ್ಲಿ ಪ್ರಾಕ್ಟೀಸ್ ಮಾಡಬಹುದೇ?
– ವಿದ್ಯಾರ್ಥಿ, ಉಡುಪಿ

ಆಗುವುದಿಲ್ಲ. 1951ರ ಕಾನೂನಿನಲ್ಲಿ ಹನಿಸಾಗಳಿಗೆ ಮಾನ್ಯತೆ ಸಿಕ್ಕಿತು. ಅದನ್ನು ಅವರು ಬಹಳ ಜೋಪಾನವಾಗಿ ಕಾಯ್ದುಕೊಂಡು ಬಂದಿದ್ದಾರೆ. ಲೈಸೆನ್ಸ್ ಬೇಕಾದರೆ ಇಲ್ಲಿನ ಕಾಲೇಜಿನಲ್ಲೇ ಓದಬೇಕು. 11 ಖಾಸಗಿ ಕಾಲೇಜು ಮತ್ತು ಬೂಸಾನ್ ವಿಶ್ವವಿದ್ಯಾಲಯದ ಒಂದು ಸರ್ಕಾರಿ ಸ್ಕೂಲ್, ಒಟ್ಟು 12. ಕಾಲೇಜಿನಲ್ಲಿ ಆರು ವರ್ಷ, ಪಾಠ ಕೊರಿಯನ್‌ನಲ್ಲಿ, ಹಳೆಯ ಪುಸ್ತಕಗಳು ಚೀನೀ ಅಕ್ಷರದಲ್ಲಿ. ಇಲ್ಲಿನ ಮಕ್ಕಳೇ ಸೀಟಿಗಾಗಿ ನಿದ್ದೆಗೆಡುತ್ತಾರೆ.

ಬೇಸರ ಬೇಡ. ರಜೆಯಲ್ಲಿ ನೋಡಲಿಕ್ಕಾದರೂ ಬನ್ನಿ. ರಾಜವೈದ್ಯ ಹೊ ಜುನ್ 1610ರಲ್ಲಿ ಬರೆದು ಮುಗಿಸಿದ ‘ದೊಂಗುಯಿ ಬೊಗಾಮ್’ 25 ಸಂಪುಟದ ಗ್ರಂಥ. 2009ರಲ್ಲಿ ಯುನೆಸ್ಕೋ ಅದನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ನಿಮಗೆ ಇನ್ನೂ ರುಚಿಸುವುದು ಲೀ ಜೆಮಾ ಅನ್ನುವವರು 1894ರಲ್ಲಿ ಹೇಳಿದ ನಾಲ್ಕು ದೇಹಪ್ರಕೃತಿಗಳು. ನೀವು ವಾತ-ಪಿತ್ತ-ಕಫ ಓದಿದವರು, ಅವರದ್ದು ನಾಲ್ಕು ಜಾತಿಯ ಮೈ. ಯಾರಿಗೆ ಯಾವ ಊಟ, ಯಾವ ಔಷಧಿ ಅನ್ನುವುದೆಲ್ಲ ಅದರ ಮೇಲೆ. ಆದರೆ ಎರಡನ್ನೂ ಒಂದಕ್ಕೊಂದು ಗಂಟು ಹಾಕಬೇಡಿ. ಬೇರು ಬೇರೆ ಬೇರೆ.

ಪ್ರಶ್ನೆ: ಕೊರಿಯನ್ ಸೀರಿಯಲ್‌ನಲ್ಲಿ ಹೊಟ್ಟೆ ಕೆಟ್ಟವರ ಹೆಬ್ಬೆರಳಿಗೆ ಸೂಜಿ ಚುಚ್ಚಿ ಕಪ್ಪು ರಕ್ತ ತೆಗೆಯುತ್ತಾರೆ. ಸಿಟ್ಟು ಬಂದವರು ಎದೆ ಗುದ್ದಿಕೊಳ್ಳುತ್ತಾರೆ. ಇದೆಲ್ಲ ಖರೇನಾ, ನಾಟಕನಾ?
– ಸೀರಿಯಲ್ ಹುಚ್ಚಿ, ಹುಬ್ಬಳ್ಳಿ

ಖರೇ. ತಿಂದದ್ದು ಎದೆಯಲ್ಲೇ ನಿಂತ ಹಾಗೆ ಆದರೆ ಅದಕ್ಕೆ ‘ಚೆ’ ಅನ್ನುತ್ತಾರೆ. ತೋಳು ನೀವಿ ನೀವಿ ರಕ್ತ ಕೆಳಗಿಳಿಸಿ, ಹೆಬ್ಬೆರಳಿಗೆ ದಾರ ಸುತ್ತಿ, ಉಗುರಿನ ಬುಡಕ್ಕೆ ಚುಚ್ಚುತ್ತಾರೆ. ಇದು ಡಾಕ್ಟರರಿಗಿಂತ ಅಜ್ಜಿಯರ ವೈದ್ಯ. ನನ್ನ ಪಕ್ಕದ ಮನೆ ಅಜ್ಜಿ ನನಗೂ ಮಾಡಿದ್ದಾರೆ. ರಕ್ತ ಕಪ್ಪಗೆ ಬಂದದ್ದು ನೋಡಿ ‘ನೋಡು, ಎಷ್ಟು ಕೆಟ್ಟಿತ್ತು’ ಅಂದರು. ದಾರ ಬಿಗಿದ ಬೆರಳಲ್ಲಿ ಯಾರ ರಕ್ತವಾದರೂ ಕಪ್ಪಗೇ ಬರುತ್ತದೆ, ಆದರೆ ಅಜ್ಜಿಗೆ ಯಾರು ಹೇಳುತ್ತಾರೆ? ಐದು ನಿಮಿಷಕ್ಕೆ ತೇಗು ಬಂತು. ಸೂಜಿಯಿಂದಲೋ, ಅಷ್ಟು ಹೊತ್ತು ಬೆನ್ನು ತಟ್ಟಿದ್ದಕ್ಕೋ ದೇವರೇ ಬಲ್ಲ. ನೀವು ಮನೆಯ ಬಟ್ಟೆ ಹೊಲಿಯುವ ಸೂಜಿಯಲ್ಲಿ ಮಾಡಲು ಹೋಗಬೇಡಿ ಮತ್ತೆ.

ಎದೆ ಗುದ್ದಿಕೊಳ್ಳುವುದು ‘ಹ್ವಾಬ್ಯೊಂಗ್’. ನೇರ ಅರ್ಥ ಬೆಂಕಿ ರೋಗ. ವರ್ಷಗಟ್ಟಲೆ ನುಂಗಿಕೊಂಡ ಸಿಟ್ಟು ಮೈಗೆ ಇಳಿದು ಎದೆ ಬಿಗಿತ, ಉರಿ, ಗಂಟಲಲ್ಲಿ ಗಂಟು ಆಗುವುದು. ಒಬ್ಬರು ಹಿರಿಯ ಹೆಂಗಸು, ಮಗನ ಮನೆಗೆ ಅಂತ ಬೆಂಗಳೂರಿನಿಂದ ಬಂದವರು, ಹೊಟ್ಟೆಯುರಿ ಅಂತ ನಮ್ಮಲ್ಲಿಗೆ ಬಂದಿದ್ದರು. ಗ್ಯಾಸ್ಟ್ರಿಕ್ ಪರೀಕ್ಷೆ ಎಲ್ಲ ಆಗಿ, ಏನೂ ಇಲ್ಲ ಅಂತ ರಿಪೋರ್ಟು ಕೈಯಲ್ಲಿತ್ತು. ಡಾಕ್ಟರ್ ಎದೆಯ ನಡುಮೂಳೆ ಮೇಲೆ ಒಂದು ಬೆರಳಿಟ್ಟು ಸ್ವಲ್ಪ ಒತ್ತಿದರು. ಆಕೆಗೆ ಕಣ್ಣಲ್ಲಿ ನೀರು ಬಂತು. ನಾನು ನೋವಾಯಿತಾ ಅಂತ ಕೇಳಿದೆ. ‘ನೋವಲ್ಲಮ್ಮ, ಅಲ್ಲೇ ಇದೆ’ ಅಂದರು. ಅದನ್ನು ಹೇಗೆ ಕೊರಿಯನ್‌ಗೆ ತರುವುದು ಅಂತ ನಾನು ತಡಬಡಾಯಿಸುತ್ತಿದ್ದೆ. ಡಾಕ್ಟರ್ ಕೈ ತೋರಿಸಿ ಬೇಡ ಅಂದರು, ಟಿಶ್ಯೂ ಡಬ್ಬಿ ಮುಂದೆ ಸರಿಸಿದರು. ಮಗನನ್ನು ಹೊರಗೆ ಕೂರಿಸಿದರು. ಆಮೇಲೆ ಅರ್ಧ ಗಂಟೆ ಆಕೆ ಹೇಳಿದ್ದು ಇಲ್ಲಿ ಬರೆಯುವ ವಿಷಯವಲ್ಲ.

ಪ್ರಶ್ನೆ: ಪ್ಯಾಕೇಜ್ ಟೂರಿನಲ್ಲಿ ಬಂದಿದ್ದೆವು. ಏಜೆಂಟ್ ಒಂದು ಕಡೆ ಕರೆದುಕೊಂಡು ಹೋಗಿ ನಾಡಿ ನೋಡಿಸಿದ. ಚಿನ್ನದ ರೇಕು ಸುತ್ತಿದ ಗುಳಿಗೆ ಹತ್ತು ಕೊಂಡೆವು. ಬೆಲೆ ಹೇಳಿದರೆ ಬೈತೀರಿ. ಇನ್ನೂ ತಿಂದಿಲ್ಲ.
– ಮೋಸ ಹೋದವರೋ ಏನೋ, ಶಿವಮೊಗ್ಗ

ಬೈಯುವುದಿಲ್ಲ. ಆ ಗುಳಿಗೆ ‘ಕೊಂಗ್‌ಜಿನ್‌ದಾನ್’ ಇರಬೇಕು. ನಿಜವಾದ ಔಷಧಿಯೇ. ಒಂದೊಂದು ಗುಳಿಗೆಗೇ ಹತ್ತಾರು ಸಾವಿರ ವಾನ್ ಇರುತ್ತದೆ. ಅದರಲ್ಲಿ ಜಿಂಕೆಯ ಕೊಂಬು, ಜೇನುತುಪ್ಪ ಇರುತ್ತವೆ. ಅಸಲಿಯಾದರೆ ಕಸ್ತೂರಿಯೂ ಇರುತ್ತದೆ. ಕಸ್ತೂರಿ ಮೃಗ ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ಒಪ್ಪಂದದಡಿ ಬರುತ್ತದೆ. ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ನೀವು ದಾಟಿಸಿಬಿಟ್ಟಿದ್ದೀರಿ, ಇನ್ನೊಮ್ಮೆ ಬೇಡ. ತಿನ್ನುವ ಮಾತು ನಿಮ್ಮ ಡಾಕ್ಟರ ಹತ್ತಿರ.

2009ರಲ್ಲಿ ಕೊರಿಯಾ ಕಾನೂನು ತಿದ್ದಿ, ಹೊರದೇಶದ ರೋಗಿಗಳನ್ನು ಕರೆತರಲು ಆಸ್ಪತ್ರೆಗಳಿಗೂ ಏಜೆಂಟರಿಗೂ ಅವಕಾಶ ಕೊಟ್ಟಿತು. ಆದರೆ ಸರ್ಕಾರದ ಹತ್ತಿರ ನೋಂದಣಿ ಆಗಿರಬೇಕು. ಆ ವರ್ಷ ಬಂದವರು ಸುಮಾರು 60 ಸಾವಿರ. 2024ರಲ್ಲಿ 11 ಲಕ್ಷ ದಾಟಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚರ್ಮದ ಡಾಕ್ಟರ ಹತ್ತಿರ, ಮುಖ ಹೊಳೆಸಿಕೊಳ್ಳಲು. ಕೊರಿಯನ್ ವೈದ್ಯದ ಕಡೆಗೆ ಬರುವವರು ಚಿಕ್ಕ ಪಾಲು. ಅಷ್ಟು ಜನ ಓಡಾಡುವ ಕಡೆ ಕಮಿಷನ್ನಿನ ಜನವೂ ಇರುತ್ತಾರೆ. ಮುಂದಿನ ಸಲ ಯಾರಾದರೂ ಬಸ್ಸಿಂದ ಇಳಿಸಿ ನಾಡಿ ನೋಡಿಸಿದರೆ ನೋಂದಣಿ ಪತ್ರ ತೋರಿಸಿ ಅನ್ನಿ. ಗೋಡೆಯ ಮೇಲೆ ಡಾಕ್ಟರ ಲೈಸೆನ್ಸ್ ಇದೆಯಾ ನೋಡಿ. ಐದು ನಿಮಿಷ ನಾಡಿ ಹಿಡಿದು ಹತ್ತು ನಿಮಿಷ ಡಬ್ಬಿ ತೋರಿಸಿದರೆ ಅದು ಅಂಗಡಿ.

ಪ್ರಶ್ನೆ: ಡೇಜನ್‌ನಲ್ಲಿದ್ದೇವೆ. ಮುಂದಿನ ತಿಂಗಳು ಹೆರಿಗೆ. ಅಮ್ಮನಿಗೆ ಬರಲು ಆಗುತ್ತಿಲ್ಲ. ಇಲ್ಲಿ ಬಾಣಂತನ ಅಂತ ಏನಾದರೂ ಇದೆಯಾ ಅಕ್ಕಾ?
– ಮಂಡ್ಯದ ಹುಡುಗಿ

ಇದೆ ಕಣಮ್ಮ. ನಮಗಿಂತ ಒಂದು ಕೈ ಮೇಲು. ‘ಸಾನ್‌ಹುಜೊರಿ’ ಅನ್ನುತ್ತಾರೆ. ತಣ್ಣೀರು ಮುಟ್ಟಬೇಡ, ಗಾಳಿಗೆ ಹೋಗಬೇಡ, ಕಾಲಿಗೆ ಕಾಲುಚೀಲ ಹಾಕು. ಇಲ್ಲದಿದ್ದರೆ ಮೂಳೆಗೆ ಗಾಳಿ ಹೊಕ್ಕು ಮುಂದೆ ನೋವು ಬರುತ್ತದೆ ಅನ್ನುತ್ತಾರೆ. ನಿಮ್ಮಮ್ಮ ಫೋನಿನಲ್ಲಿ ಹೇಳುವುದನ್ನೇ ನರ್ಸು ಕೊರಿಯನ್‌ನಲ್ಲಿ ಹೇಳುತ್ತಾಳೆ, ನಗು ಬರುತ್ತದೆ. ಎರಡು ವಾರ ಇದ್ದು ಬರುವ ಬಾಣಂತಿಮನೆಗಳೇ ಇವೆ, ದುಡ್ಡು ಜಾಸ್ತಿ. ಊಟಕ್ಕೆ ದಿನಾ ಸಮುದ್ರದ ಪಾಚಿಯ ಸಾರು. ಅದಕ್ಕೆ ದನದ ಮಾಂಸ ಹಾಕುವುದು ರೂಢಿ. ಬೇಡದಿದ್ದರೆ ‘ತುಲ್ಕೆ’ ಅನ್ನುವ ಬೀಜದ ಪುಡಿ ಹಾಕಿ ಮಾಡಿಕೊಡಿ ಅನ್ನಿ, ಎಳ್ಳಿನ ಹಾಗೆ ಗಮ್ ಅನ್ನುತ್ತದೆ. ಬಾಣಂತಿ ಕಷಾಯವನ್ನು ಹನಿವೊನ್‌ನಲ್ಲಿ ಕೊಡುತ್ತಾರೆ. ಹಾಲು ಕುಡಿಸುತ್ತಿದ್ದೇನೆ ಅಂತ ಮೊದಲೇ ಹೇಳು, ಹೆರಿಗೆ ಡಾಕ್ಟರನ್ನೂ ಕೇಳು. ಜ್ವರ ಬಂದರೆ, ರಕ್ತ ಜಾಸ್ತಿ ಹೋದರೆ ಕಷಾಯದ ಮಾತೇ ಇಲ್ಲ, ಹೆರಿಗೆ ಆಸ್ಪತ್ರೆಗೆ ಹೋಗಬೇಕು. ಮಗು ಆದ ಮೇಲೆ ಒಂದು ಸಾಲು ಬರೆ.

ಪ್ರಶ್ನೆ: ದುಭಾಷಿಯಾಗಿ ನೀವು ಯಾವತ್ತಾದರೂ ತಪ್ಪು ಹೇಳಿದ್ದೀರಾ? ನಿಜ ಹೇಳಿ.
– ಕೀಟಲೆ ಓದುಗ, ಹಾಸನ

ಹೇಳಿದ್ದೇನೆ. 2020ರ ಮಾರ್ಚ್, ಕೊರೊನಾ ಜೋರಾಗಿದ್ದ ದಿನಗಳು. ದಾವಣಗೆರೆ ಕಡೆಯ ಒಬ್ಬ ಹುಡುಗ ಬಂದಿದ್ದ. ಬಾಯಿಹುಣ್ಣು. ‘ಉಷ್ಣ ಆಗಿದೆ ಮೇಡಂ’ ಅಂದ. ನಾನು ಅವಸರದಲ್ಲಿ ‘ಯೊರಿ ನಾಯೊ’ ಅಂದುಬಿಟ್ಟೆ. ಹೇಳಬೇಕಾಗಿದ್ದದ್ದು ‘ಮೊಮೆ ಯೊರಿ ಮನಾಯೊ’, ಅಂದರೆ ಮೈಯಲ್ಲಿ ಉಷ್ಣ ಜಾಸ್ತಿ. ನಾನು ಹೇಳಿದ್ದರ ಅರ್ಥ ‘ಜ್ವರ ಬಂದಿದೆ’. ನರ್ಸು ಎರಡು ಹೆಜ್ಜೆ ಹಿಂದೆ ಸರಿದಳು. ಹಣೆಗೆ ಥರ್ಮಾಮೀಟರ್ ಹಿಡಿದರು, ಕೈಗೆ ಇನ್ನೊಂದು ಮಾಸ್ಕ್ ಕೊಟ್ಟರು, ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿದರು. ಹೊರಗೆ ಕೊರೆಯುವ ಚಳಿ. ನಾನು ಒಳಗೆ ತಪ್ಪು ತಿದ್ದಿ, ಕ್ಷಮೆ ಕೇಳಿ, ಎಲ್ಲರಿಗೂ ಅರ್ಥ ಮಾಡಿಸಿ ಹೊರಗೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ಹುಡುಗ ಜಾಕೆಟ್ಟಿನೊಳಗೆ ಮುದುಡಿಕೊಂಡು ಕೂತಿದ್ದ. ನನ್ನ ಮುಖ ನೋಡಿ ಬಹಳ ಮರ್ಯಾದೆಯಿಂದ ಕೇಳಿದ: ‘ಮೇಡಂ, ಉಷ್ಣಕ್ಕೆ ಇವರದ್ದು ಟ್ರೀಟ್‌ಮೆಂಟ್ ಇದೇನಾ?’